ಆಣೆ ಮಾಡಿ ಬಿಟ್ಟವರು

ಆನವಟ್ಟಿಯ ವಾಣಿಶ್ರೀ ಸಂಖ್ಯಾಶಾಸ್ತ್ರ ಓದಿದವಳು. ಶಿಕಾರಿಪುರ, ಆನವಟ್ಟಿ ಸುತ್ತಮುತ್ತ ನಡೆದ ಕುಡಿತದ ಸಮೀಕ್ಷೆಯ ಲೆಕ್ಕವೆಲ್ಲ ಅವಳದೇ. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಕಚೇರಿಯವರು ನಗುತ್ತಿದ್ದರು. ಆ ದಿನ ಯಾರೂ ನಗಲಿಲ್ಲ.

ಮುಖ್ಯಸ್ಥ ರಾಜಕುಮಾರ್ ಖುಷಿಯಿಂದ ವರದಿ ಓದಿದರು: ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರೇ ಗಟ್ಟಿಮುಟ್ಟು.

"ಸರ್, ಆ ಕುಡಿಯದವರಲ್ಲಿ ನಮ್ಮಪ್ಪನೂ ಇದಾರೆ," ಎಂದಳು ವಾಣಿಶ್ರೀ. "ಇಷ್ಟು ವರ್ಷ ಕುಡಿದು, ಲಿವರ್ ಹೋದ ಮೇಲೆ ಚಂದ್ರಗುತ್ತಿ ಅಮ್ಮನ ಮುಂದೆ ಆಣೆ ಮಾಡಿ ಬಿಟ್ರು. ಈಗ ಕೇಳಿದ್ರೆ 'ನಾ ಕುಡಿಯಲ್ಲ' ಅಂತಾರೆ. ಕಾಯಿಲೆ ಬಿದ್ದು ಬಿಟ್ಟೋರನ್ನೆಲ್ಲ ಕುಡಿಯದೋರ ಕಡೆ ತುಂಬಿದ್ರೆ, ಸ್ವಲ್ಪ ಕುಡಿಯೋರು ಗಟ್ಟಿಯಾಗೇ ಕಾಣ್ತಾರೆ. ಕುಡಿದು ಸತ್ತೋರಂತೂ ಲೆಕ್ಕಕ್ಕೇ ಇಲ್ಲ."

ಎಂದೂ ಕುಡಿಯದವರನ್ನು ಬೇರೆ ಗುಂಪು ಮಾಡಬೇಕು, ಯಾರು ಯಾಕೆ ಬಿಟ್ಟರು, ಯಾರು ಸಮೀಕ್ಷೆಗೆ ಸಿಗಲೇ ಇಲ್ಲ ಎಂಬುದನ್ನೂ ಹಿಡಿಯುವ ಲೆಕ್ಕದ ಮಾದರಿ ಬೇಕು ಎಂದು ಪಟ್ಟು ಹಿಡಿದಳು.

"ಅಷ್ಟೆಲ್ಲ ಯಾಕಮ್ಮಾ? ಸರಳ ಮಾದರಿ ಸಾಕು. ಜನಕ್ಕೆ ಅರ್ಥ ಆಗ್ಬೇಕಲ್ಲ," ಎಂದರು ರಾಜಕುಮಾರ್.

"ಹಾಗಾದ್ರೆ ವರದಿಯಿಂದ ನನ್ನ ಹೆಸರು ತೆಗೀರಿ. ಆಮೇಲೆ ಆನವಟ್ಟಿಗೆ ಬನ್ನಿ ಸರ್. ನಮ್ಮಪ್ಪನ ಹಾಸಿಗೆ ಪಕ್ಕ ನಿಂತ್ಕೊಂಡು, 'ಬಿಡದೆ ಸ್ವಲ್ಪ ಕುಡೀತಿದ್ರೆ ಗಟ್ಟಿಯಾಗಿ ಇರ್ತಿದ್ರಿ' ಅಂತ ಅವರಿಗೇ ಓದಿ ಹೇಳಿ."