ಏನಿಲ್ಲ

ಎಲ್ಲ ತರಗತಿಗಳ ಕೊನೆಯ ಬೆಂಚಿನಲ್ಲೂ ಇಂಥ ಒಬ್ಬಳಿರುತ್ತಾಳೆ. ಇವಳನ್ನು ಸಹಪಾಠಿಗಳು ‘ಗೂಬೆ’ ಎನ್ನುತ್ತಾರೆ. ಬಿರುಬೇಸಿಗೆಯಲ್ಲೂ ಟೋಪಿಯಿರುವ ಆ ಕಪ್ಪು ಸ್ವೆಟರ್ ಬಿಚ್ಚುವುದಿಲ್ಲ. ಹುಟ್ಟುವಾಗಲೇ ತೊಟ್ಟು ಬಂದಳೇನೋ ಅನ್ನಿಸಬೇಕು. ಹಾಜರಿ ಕೂಗಿದಾಗ ಅವಳ ಉತ್ತರ ಪಕ್ಕದ ಗೋಡೆಗೆ ಮಾತ್ರ ಕೇಳಿಸುತ್ತದೆ. ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ ಗೋಡೆಯ ಸುಣ್ಣ ತೋಳಿಗೆ ಅಂಟುವಷ್ಟು ಸರಿದು ದಾರಿ ಬಿಡುತ್ತಾಳೆ. ಅವಳ ವಿಷಯ ಮಾತ್ರ ಎಲ್ಲರಿಗೂ ಗೊತ್ತು. “ಜಂಭ ಕಣ್ರೀ” ಎನ್ನುತ್ತಾರೆ ಪಕ್ಕದ ಮನೆಯಾಕೆ. “ಮೊಬೈಲ್ ಕಿತ್ಕೊಳ್ಳಿ, ಸರಿಹೋಗ್ತಾಳೆ” ಎನ್ನುತ್ತಾರೆ ಚಿಕ್ಕಪ್ಪ. ಕಿತ್ತುಕೊಂಡೂ ಆಯಿತು, ಅವಳು ಅದನ್ನು ವಾಪಸ್ ಕೇಳಲೇ ಇಲ್ಲ. ಅಮ್ಮ ಕೋಣೆಯ ಬಾಗಿಲಲ್ಲಿ ನಿಂತು “ಏನಾಯ್ತೇ?” ಎಂದರೆ “ಏನಿಲ್ಲ.” ಅಪ್ಪ ಕೇಳಿದರೂ “ಏನಿಲ್ಲ.” ಊಟಕ್ಕೆ ಕರೆದರೂ, ಸಿನಿಮಾಕ್ಕೆ ಕರೆದರೂ ಅದೊಂದೇ ಮಾತು. ಮೊನ್ನೆ ಅಮ್ಮ ಹಾಗೆ ಕೇಳಿ ಅಡುಗೆಮನೆಗೆ ಹೋದ ಮೇಲೆ, ಕಿವಿ ಮಂದವಾದ ಅಜ್ಜಿ, ಪ್ರಶ್ನೆ ಕೇಳಿಸದೆ ಮೊಮ್ಮಗಳ ತುಟಿಯ ಮೇಲಿನ ಉತ್ತರವನ್ನಷ್ಟೇ ಕಂಡು, ಮಂಡಿ ಹಿಡಿದುಕೊಂಡು ಎದ್ದು ಬಂದರು. “ಏನಿಲ್ಲ ಪುಟ್ಟಿ? ಸೋಪಿಲ್ವಾ? ಹೊದಿಕೆ ಇಲ್ವಾ? ಏನಿಲ್ಲ ಹೇಳು, ತಂದ್ಕೊಡ್ತೀನಿ.” ಅವಳು ಫಕ್ಕನೆ ನಕ್ಕಳು. ಆ ನಗು ಅರ್ಧಕ್ಕೇ ಅಳುವಾಯಿತು. ಟೋಪಿ ಹಿಂದಕ್ಕೆ ಸರಿಸಿ, ಅಜ್ಜಿಯ ಕಿವಿಗೆ ಬಾಯಿಟ್ಟು, ಕಿವುಡಿಗೆ ತಕ್ಕ ಗಟ್ಟಿ ದನಿಯಲ್ಲಿ ಹೇಳಿದಳು: “ಬೆಳಗ್ಗೆ ಏಳೋಕೆ ಮನಸ್ಸಿಲ್ಲ ಅಜ್ಜೀ. ಯಾವುದಕ್ಕೂ ಮನಸ್ಸೇ ಇಲ್ಲ.” ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಅಜ್ಜಿ ಮತ್ತೊಮ್ಮೆ ಕೇಳಲಿಲ್ಲ. “ಸ್ವಲ್ಪ ಜರುಗು” ಎಂದು ಮಂಚದ ಮೇಲೆ ಅವಳ ಪಕ್ಕದಲ್ಲೇ ಕೂತರು.