ತಾನಾಗಿ ಬೆಳೆಯುವ ಗೆರೆ

ಸೋಮವಾರವೇ ಇರಬೇಕು, ಅಥವಾ ಸೋಮವಾರ ಎಂದು ಆಮೇಲೆ ನಾನೇ ತುಂಬಿಕೊಂಡೆನೋ. ನೆನಪು ಖಾಲಿ ಜಾಗವನ್ನು ಹಾಗೇ ಬಿಡುವುದಿಲ್ಲ, ಏನಾದರೊಂದು ಬರೆದುಬಿಡುತ್ತದೆ. ಈ ಕತೆಯಲ್ಲಿ ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟವರು ಒಬ್ಬರೇ. ತೊಂದರೆಯಾದದ್ದೂ ಅದರಿಂದಲೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬೈಲಹೊಂಗಲದ ಒಂದು ಖಾಸಗಿ ಡೇರಿಯಲ್ಲಿ ನನಗೆ ಕೆಲಸವಿತ್ತು. ಕಿತ್ತೂರು, ಸವದತ್ತಿ, ರಾಮದುರ್ಗ, ಈ ಮೂರು ಕಡೆಯಿಂದ ಟೆಂಪೋಗಳಲ್ಲಿ ಹಾಲಿನ ಕ್ಯಾನುಗಳು ಬರುತ್ತಿದ್ದವು. ಬಂದ ಹಾಲಿನ ಫ್ಯಾಟನ್ನು, ಎಂದರೆ ಕೊಬ್ಬಿನಂಶವನ್ನು, ಅಳೆಯುವವನೊಬ್ಬ ಅಳೆದಾದ ಮೇಲೆ ಕಂಪ್ಯೂಟರಿನ ಮುಂದೆ ಕೂರುವ ಅಕ್ಕ ಅದನ್ನು ರೂಟಿಗೊಂದು ಕಾಲಂನಲ್ಲಿ, ತಾರೀಖಿನ ಎದುರು, ಒಂದರ ಕೆಳಗೊಂದು ಹೊಡೆಯುತ್ತಿದ್ದರು. ಅದರಿಂದ ರೂಟಿಗೊಂದು ಚಾರ್ಟು ಮಾಡಿ ಪ್ರಿಂಟು ತೆಗೆದು ಡೇರಿಯ ಒಡೆಯರಾದ ಸಾವುಕಾರರ ಕೋಣೆಯ ಗೋಡೆಗೆ ಅಂಟಿಸುವುದು ನನ್ನ ಪಾಲು. ಗೆರೆ ಇಳಿದರೆ ಹಾಲಿಗೆ ನೀರು ಬಿದ್ದಿದೆ ಎಂಬುದು ಸಾವುಕಾರರ ಸಿದ್ಧಾಂತ.

ಚಾರ್ಟು ಒಂದು ದಡ್ಡ ಪ್ರಾಣಿ. ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿದರೆ ಅಷ್ಟೇ ಬರೆಯುತ್ತದೆ. ಕೆಳಗೆ ಹೊಸ ಅಂಕಿ ಬಿದ್ದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಪ್ರತಿ ಸಲ ಮೌಸಿನಿಂದ ಎಳೆದು ಉದ್ದ ಮಾಡಬೇಕು. ನನಗೆ ಬೇಸರ ಬಂತು. ಕಾಲಂಗೆ ಒಂದು ಹೆಸರು ಕೊಟ್ಟು, ಆ ಹೆಸರಿನ ಹಿಂದೆ ಸೂತ್ರವೊಂದನ್ನು ಕೂರಿಸಿದೆ: ಅಂಕಿ ತುಂಬಿದ ಸೆಲ್‌ಗಳನ್ನು ಎಣಿಸು, ಮೇಲಿನಿಂದ ಅಷ್ಟೇ ಸೆಲ್ ಕೆಳಗಿಳಿ, ಅಲ್ಲಿಯವರೆಗೆ ಗೆರೆ ಎಳೆ. ಅಕ್ಕ ಅಂಕಿ ಹೊಡೆದ ಕೂಡಲೇ ಗೆರೆ ತಾನಾಗಿ ಮುಂದೆ ಚಾಚಿತು. ಕೆಳಗಿನ ತಾರೀಖುಗಳು ಗಿಜಿಗಿಜಿ ಕಾಣುತ್ತವೆಂದು ಅವನ್ನೂ ಅಳಿಸಿದೆ. ಬರೀ ಗೆರೆ. ಚೆಂದವಿತ್ತು. ಚೆಂದವಿದ್ದದ್ದನ್ನು ನಾನು ಈಗ ನಂಬುವುದಿಲ್ಲ.

ಹೋಳಿಯ ನಂತರ ರಾಮದುರ್ಗದ ಗೆರೆ ಇಳಿಯತೊಡಗಿತು. ಆ ರೂಟಿನ ಡ್ರೈವರು ಸುರೇಬಾನದವನು, ಸ್ವಂತ ಟೆಂಪೋ, ಬೇರೆ ದುಡಿಮೆಯಿಲ್ಲ. ಸಾವುಕಾರರು ಅವನಿಗೆ ಒಂದು ವಾರ ಕೊಟ್ಟರು.

"ಬರೂ ಸೋಮವಾರ ಗೆರಿ ಮ್ಯಾಲ ಏರಿರಬೇಕು ತಮ್ಮಾ. ಇಲ್ಲಾಂದ್ರ ನಿನ್ನ ಗಾಡ್ಯಾಗ ಬ್ಯಾರೆ ಏನರ ಹೇರಕೋ."

ವಾರ ಕಳೆಯಿತು. ಹೊಸ ಪ್ರಿಂಟು ತೆಗೆದು ಅಂಟಿಸಿದೆ. ಗೆರೆ ನೆಲ ಹಿಡಿದು ಮಲಗಿತ್ತು.

"ಸಾವ್ಕಾರ್ರ, ದಿನಾ ಫ್ಯಾಟು ಏರೇತ್ರಿ. ಅಳ್ಯಾವಗ ಕೇಳ್ರಿ ಬೇಕಾರ," ಎಂದ ಡ್ರೈವರು.

"ಅವನೂ ನೀನೂ ಒಂದ ತಾಟನ್ಯಾಗ ಉಣ್ಣಾವ್ರು. ಮನಷ್ಯಾ ಸುಳ್ಳ ಹೇಳ್ತಾನ, ಗೆರಿ ಹೇಳೂದಿಲ್ಲ. ನಾಳಿಂದ ಬರಬ್ಯಾಡ."

ಅವನು ನನ್ನ ಕಡೆ ನೋಡಿದ. ಇವನೂ ಕಳ್ಳ, ಅಳೆಯುವವನೂ ಕಳ್ಳ ಎಂದೇ ನನಗೂ ಅನಿಸಿತ್ತು. ಆದರೆ ಇಷ್ಟು ಸುಲಭಕ್ಕೆ ಸಿಕ್ಕಿಬೀಳುವ ಸುಳ್ಳನ್ನು ಯಾರಾದರೂ ಹೇಳುತ್ತಾರೆಯೇ? ಆ ಅನುಮಾನ ಹುಟ್ಟಿ, ಕೋಣೆಯಿಂದ ಹೊರಗೆ ಬಂದು ಅಕ್ಕನ ಕಂಪ್ಯೂಟರಿನಲ್ಲಿ ಕಾಲಂನ ತಳಕ್ಕೆ ಇಳಿದೆ. ಅಲ್ಲಿ ಕೊನೆಯ ಕೆಲವು ದಿನಗಳ ಅಂಕಿಗಳು ಹೆಚ್ಚಿದ್ದವು. ಗೆರೆಯಲ್ಲಿ ಅವು ಇರಲೇ ಇಲ್ಲ. ಮೇಲೆ ನೋಡುತ್ತ ಹೋದರೆ ನಡುನಡುವೆ ಖಾಲಿ ಸೆಲ್‌ಗಳು.

"ಇವ್ಯಾಕ್ರಿ ಅಕ್ಕಾರ, ಖಾಲಿ ಅದಾವ?"

"ಅಮಾಸಿರಿ ಅವು. ಅವತ್ತ ಆ ಕಡೆ ಮಂದಿ ಹಾಲ ಮಾರೂದಿಲ್ಲ. ಗಾಡಿ ಬರಂಗಿಲ್ಲ."

"ಸೊನ್ನಿ ಹೊಡೀಬೇಕಿಲ್ರಿ?"

"ಹಾಲಿನ ಮುಂದ ಸೊನ್ನಿ ಬರೀತಾರೇನ್ರಿ, ಅಪಶಕುನ! ಮನ್ಯಾಗ ಆಕಳ ಕಟ್ಟಿದವ್ರು ಕೇಳೂ ಮಾತಾ ಇದು?"

ಗೆರೆ ಅಲ್ಲಲ್ಲಿ ತುಂಡಾಗಿದ್ದನ್ನು ದಸರೆಗೆ ಕಾಲಂ ಶುರುವಾದಾಗಿನಿಂದಲೂ ಎಲ್ಲರೂ ನೋಡಿದ್ದೆವು. ಅಮಾವಾಸ್ಯೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಯೋಚಿಸಿರಲಿಲ್ಲ. ಸೂತ್ರ ಎಣಿಸುತ್ತಿದ್ದುದು ತುಂಬಿದ ಸೆಲ್‌ಗಳನ್ನು ಮಾತ್ರ; ಕೆಳಗಿಳಿಯುವಾಗ ಖಾಲಿ ಸೆಲ್‌ಗಳೂ ಲೆಕ್ಕಕ್ಕೆ ಬರುತ್ತಿದ್ದವು. ಎಷ್ಟು ಅಮಾವಾಸ್ಯೆಗಳೋ ಅಷ್ಟು ದಿನ ಅದು ಮೊದಲೇ ನಿಂತುಬಿಡುತ್ತಿತ್ತು. ತಿಂಗಳಿಗೊಂದರಂತೆ ಸೇರಿ ಆಗ ಸರಿಸುಮಾರು ಒಂದು ವಾರವಾಗಿತ್ತು. ಅವನಿಗೆ ಕೊಟ್ಟಿದ್ದ ವಾರವೇ ಕಾಗದದ ಮೇಲಿರಲಿಲ್ಲ.

ಫ್ಯಾಟಿನ ಬದಲು ತಾರೀಖುಗಳನ್ನು ಎಣಿಸುವಂತೆ ಸೂತ್ರ ತಿದ್ದಿದೆ. ತಾರೀಖು ಅಮಾವಾಸ್ಯೆಗೂ ಇರುತ್ತದಲ್ಲ. ಗೆರೆ ಕೊನೆಯಲ್ಲಿ ಚಂಗನೆ ಮೇಲೆದ್ದಿತು. ಹೊಸ ಪ್ರಿಂಟು ಒಯ್ದು ಸಾವುಕಾರರಿಗೆ ಬಿಡಿಸಿ ಹೇಳಿದೆ. ಡ್ರೈವರು ಇನ್ನೂ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ.

"ಹಂಗಾರ ಇದೆಲ್ಲಾ ನಿನ್ನ ಪೆಟಿಗಿ ಮಾಡಿದ ಹಲ್ಕಟ್ಟತನ?"

"ಕಡೀ ವಾರದ್ದಷ್ಟರಿ, ಸಾವ್ಕಾರ್ರ. ಅದಕ್ಕಿಂತ ಮೊದಲ ಇಳದದ್ದು ಖರೇನ ಐತಿ."

"ಒಮ್ಮೆ ಸುಳ್ಳ ಹೇಳಿದ್ದು ಇನ್ನೊಮ್ಮೆ ಖರೇ ಹೇಳತೈತಂತ ಹ್ಯಾಂಗ ನಂಬ್ಲೋ?" ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹರಿದು ಹಾಕಿದರು. ಡ್ರೈವರಿಗೆ, "ನಡೀ, ಕ್ಯಾನ್ ತೊಳಿ," ಎಂದರು. ಅವನ ರೂಟು ಉಳಿಯಿತು.

ಹೊರಗೆ ಕ್ಯಾನು ತೊಳೆಯುತ್ತ ಅವನು ನಕ್ಕ. "ಸರ, ಇನ್ನ ಮ್ಯಾಲ ಅದನ್ನ ಕೈಲೇ ಎಳೀರಿ. ತಾನ ಬೆಳಿಯೂದು ಹೊಲದಾಗಿನ ಕಸಾ ರೀ."

ಆ ನಗುವನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಬದುಕಿದೆ ಎಂಬ ನಗುವೋ, ತಪ್ಪಿಸಿಕೊಂಡೆ ಎಂಬ ನಗುವೋ? ಹೆದರಿಸಿದ ವಾರದಲ್ಲೇ ಫ್ಯಾಟು ಏರಿತು. ಕಳ್ಳನಾಗಿದ್ದರೆ ನೀರು ನಿಲ್ಲಿಸಿದ್ದಾನು; ಪ್ರಾಮಾಣಿಕನಾಗಿದ್ದರೆ ಬೇರೆಯವರು ನೀರು ಬೆರೆಸದಂತೆ ಹಳ್ಳಿಯಲ್ಲಿ ಮುಂದೆ ನಿಂತು ಕ್ಯಾನು ತುಂಬಿಸಿಕೊಂಡಿದ್ದಾನು. ಎರಡಕ್ಕೂ ಗೆರೆ ಒಂದೇ ತೆರನಾಗಿ ಏರುತ್ತದೆ. ಅಂಕಿ ಹೊಡೆಯುತ್ತಿದ್ದ ಅಕ್ಕನ ತವರೂ ಸುರೇಬಾನದ ಕಡೆಯದೇ ಎಂದು ಯಾರೋ ಹೇಳಿದ ನೆನಪು. ಅದನ್ನೂ ನಾನೇ ಸೇರಿಸಿಕೊಂಡಿರಬಹುದು.

ಹೋಳಿಯ ನಂತರದ ಆ ಹಾಲಿನಲ್ಲಿ ನೀರಿತ್ತೋ ಇಲ್ಲವೋ, ಇದ್ದರೆ ಹಾಕಿದವರು ಯಾರು, ನನಗೆ ಗೊತ್ತಿಲ್ಲ.