ಪಾಳ್ಯದ ದಾರಿಯಲ್ಲಿ ಕಾದ ಇಂಜಿನ್

ನನ್ನ ಹೆಂಡತಿ ಜಯಮ್ಮ ತೀರಿಕೊಂಡಿದ್ದು ನಮ್ಮ ಕಾರಿನಲ್ಲೇ. ಕಳೆದ ಶ್ರಾವಣದಲ್ಲಿ ಎದೆನೋವು ಎಂದಾಗ ಹಾಸನದ ಆಸ್ಪತ್ರೆಗೆ ಹೊರಟೆವು. ಬೆಳಗೋಡು ದಾಟಿ ಏರು ಹತ್ತುವಾಗ ಇಂಜಿನ್ ಕಾದು ನಿಂತುಹೋಯಿತು. ಬೇರೆ ಗಾಡಿ ಸಿಗುವಷ್ಟರಲ್ಲಿ ಅವಳ ಕೈ ತಣ್ಣಗಾಗಿತ್ತು. ಅಂದಿನಿಂದ ಮನೆದೇವರು ಭೈರವೇಶ್ವರ ಸ್ವಾಮಿಯ ಹೆಸರು ನನ್ನ ಬಾಯಲ್ಲಿ ಬರಲಿಲ್ಲ.

ಹದಿನೆಂಟು ವರ್ಷದ ಹಳೆಯ ಕಾರು ಅದು. ಆಮೇಲೆ ಮೆಕ್ಯಾನಿಕ್ ಥರ್ಮೋಸ್ಟಾಟ್, ವಾಟರ್ ಪಂಪ್ ಎರಡನ್ನೂ ಬದಲಾಯಿಸಿ, ಹೊಸ ಕೂಲೆಂಟ್ ತುಂಬಿದ. ಆದರೂ ಏರು ಬಂದರೆ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಮಾರಲು ಮನಸ್ಸು ಬರಲಿಲ್ಲ. ಓಡಿಸಲು ಧೈರ್ಯವಿರಲಿಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ, ಬಾಣಂತನಕ್ಕೆ ಬಂದಿದ್ದ ಮಗಳು ಸುಮಾಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಮಗು ತಿರುಗಿಲ್ಲ, ನೋವು ಶುರುವಾದರೆ ತಡ ಮಾಡಬೇಡಿ ಎಂದು ಹಾಸನದ ಡಾಕ್ಟರ್ ಹೇಳಿದ್ದರು. ಬಸ್ಸು ಹೋಗಿಯಾಗಿತ್ತು. ಬಾಡಿಗೆ ಗಾಡಿಯವರು ಒಬ್ಬರೂ ಸಿಗಲಿಲ್ಲ. ಅದೇ ಕಾರು ತೆಗೆದೆ.

ಪಾಳ್ಯ ಇನ್ನೂ ದೂರವಿರುವಾಗಲೇ ಮುಳ್ಳು ಕೆಂಪು ಗೆರೆ ಮುಟ್ಟಿತು.

"ಅಪ್ಪಾ, ನಿಲ್ಲಿಸ್ಬ್ಯಾಡ," ಎಂದಳು ಸುಮಾ. ನಿಲ್ಲಿಸಲೇಬೇಕಾಯಿತು. ಸ್ಟೀರಿಂಗ್ ಮೇಲೆ ಹಣೆಯಿಟ್ಟೆ. "ಒಬ್ಬಳನ್ನ ಕರ್ಕಂಡೆ. ಇವಳನ್ನ ಬುಟ್ಬುಡು ಸ್ವಾಮಿ," ಎಂದೆ.

ಹಿಂದೆ ಬರುತ್ತಿದ್ದ ಕಾಫಿ ಲಾರಿ ನಿಂತಿತು. ಡ್ರೈವರ್ ರಫೀಕ್ ಎಂಬುವರು ಇಳಿದು ಓಡಿ ಬಂದರು. ನಾನು ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈಹಾಕಿದ್ದೆ.

"ಮುಟ್ಬೇಡಿ ಯಜಮಾನ್ರೇ! ಮುಖ ಬೆಂದೋಗ್ಬುಡ್ತೈತೆ," ಎಂದು ನನ್ನ ಕೈ ಎಳೆದರು. ಮುಂದಿನ ಏಸಿ ಜಾಲರಿಗೂ ರೇಡಿಯೇಟರಿಗೂ ನಡುವೆ ಮೊಬೈಲ್ ಬೆಳಕು ಬಿಟ್ಟು ನೋಡಿದರು. "ಏನ್ ಮಾರಾಯ್ರೇ, ಇದನ್ನೇ ರಾಗಿ ಕಣ ಮಾಡ್ಕಂಡಿದ್ದೀರಾ? ಗಾಳಿ ಎಲ್ಲಿಂದ ನುಗ್ಬೇಕು?"

ರಸ್ತೆಗೆ ರಾಗಿ ತೆನೆ ಹರವಿ ಗಾಡಿಗಳಿಂದ ತುಳಿಸುವುದು ನಮ್ಮ ಕಡೆಯ ರೂಢಿ. ಸುಗ್ಗಿ ಬಂದರೆ ಜಯಮ್ಮ, "ಊರೋರದ್ರ ಮೇಲೂ ನಾಕು ಸುತ್ತು ಹೊಡೀರಿ, ಪಾಪ," ಎನ್ನುತ್ತಿದ್ದಳು. ಊರಿನವರ ರಾಗಿಯ ಮೇಲೆಲ್ಲ ಓಡಿಸುತ್ತಿದ್ದೆ. ಅಷ್ಟು ವರ್ಷಗಳ ಹೊಟ್ಟು, ಧೂಳು ಅಲ್ಲಿ ಕೂತು ಗೋಡೆಯಾಗಿತ್ತು. ಆ ಸಂದಿಯಲ್ಲಿ ಯಾರೂ ಬಗ್ಗಿ ನೋಡಿರಲಿಲ್ಲ.

ರಫೀಕ್ ಪಕ್ಕದ ತೋಟದಿಂದ ಔಷಧಿ ಹೊಡೆಯುವ ಪಂಪು ತಂದು ಅದಕ್ಕೆ ನೀರು ತುಂಬಿದರು. ಇಂಜಿನ್ ಆರುವವರೆಗೆ ಕಾಯಬೇಕಿತ್ತು. ಒಳಗೆ ಸುಮಾ ಸೆರಗು ಕಚ್ಚಿಕೊಂಡು ನರಳುತ್ತಿದ್ದಳು. ಲಾರಿಗೆ ಹತ್ತಿಸೋಣವೆಂದರೆ ಅವಳಿಂದ ಕಾಲೆತ್ತಲಾಗಲಿಲ್ಲ. "ಇನ್ನೊಂದೈದು ನಿಮಿಷ ತಡ್ಕ ತಾಯಿ," ಎನ್ನುತ್ತಲೇ ಅವರು ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಹಾಯಿಸಿದರು. ಕಪ್ಪು ಹೊಟ್ಟು ಮುದ್ದೆ ಮುದ್ದೆಯಾಗಿ ರಸ್ತೆಗೆ ಬಿತ್ತು.

"ನಡೀರಿ. ಹಿಂದೇನೇ ಬತ್ತೀನಿ."

ಆಲೂರು ದಾಟಿದೆವು. ನನ್ನ ಕಣ್ಣು ರಸ್ತೆಗಿಂತ ಮುಳ್ಳಿನ ಮೇಲೇ ಇತ್ತು. ಹಾಸನ ಮುಟ್ಟುವವರೆಗೂ ಅದು ನಡುಮಧ್ಯದಿಂದ ಕದಲಲಿಲ್ಲ. ಮಧ್ಯಾಹ್ನದೊಳಗೆ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ಇಬ್ಬರೂ ಕ್ಷೇಮ.

ಬಂಧುಗಳೇ, ರಫೀಕರನ್ನು ಆ ಹೊತ್ತಿಗೆ ಅಲ್ಲಿಗೆ ತಂದವನು ಸ್ವಾಮಿಯೇ ಎಂದು ನಂಬಿದ್ದೇನೆ. ನನ್ನ ಜಯಮ್ಮನ ಹೊತ್ತಿಗೆ ಯಾಕೆ ಯಾರನ್ನೂ ಕಳಿಸಲಿಲ್ಲ ಎಂದು ಈಗಲೂ ಕೇಳುತ್ತೇನೆ. ಆದರೆ ಈಗ ಅವನ ಎದುರಿಗೇ ಕೂತು ಕೇಳುತ್ತೇನೆ.